ಗೋಲ್‌ಕೀಪರನ ತಾಯಿತ

ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಮೂರು ಸಲ ಫೇಲಾದೆ. ಥಾಯ್ ಅಡುಗೆಯವರ ಫುಟ್‌ಬಾಲು ನನ್ನ ಪಾಲಿಗೆ ಬಂದದ್ದು ಅದರಿಂದಲೇ.

ಡಾಟ್‌ಕಾಂ ಕಂಪನಿಗಳು ಮೆರೆಯುತ್ತಿದ್ದ ಕಾಲ. ವಾರದ ದಿನಗಳಲ್ಲಿ ಬೆಂಗಳೂರಿನ ಸಹೋದ್ಯೋಗಿಯೊಬ್ಬ ಫ್ರೀಮಾಂಟಿನಿಂದ ಪಾಲೋ ಆಲ್ಟೋದ ಆಫೀಸಿಗೆ ತನ್ನ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಫ್ರೀವೇ ಹತ್ತಿದ ಗಳಿಗೆಯಿಂದ ಇಳಿಯುವ ತನಕ ಅವನಿಗೆ ಷೇರಿನದೇ ಧ್ಯಾನ, ನಾನು ಹೂಂಗುಟ್ಟಿದರೆ ಸಾಕಿತ್ತು. ಆದರೂ ಅದು ಮನುಷ್ಯರ ದನಿ. ಶನಿವಾರ ಬಂತೆಂದರೆ ಅದೂ ಇಲ್ಲ. ಗ್ರೋಸರಿ ಅಂಗಡಿಗೆ ನಡೆದು ಹೋಗಿ ಬಂದರೆ ಶನಿವಾರ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಎಷ್ಟು ದೂಡಿದರೂ ಕದಲುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜು ಗುಂಯ್ ಅನ್ನುವುದು, ನಿಲ್ಲುವುದು, ಮತ್ತೆ ಗುಂಯ್ ಅನ್ನುವುದು. ಒಂದು ದಿನ ನಾನು ಅದಕ್ಕೆ "ಸುಮ್ನಿರೋ" ಎಂದು ಜೋರಾಗಿ ಗದರಿದೆ. ಆ ವಾರದಲ್ಲಿ ನಾನು ಬಾಯಿಬಿಟ್ಟು ಆಡಿದ ಮೊದಲ ಕನ್ನಡ ಅದೇ ಇರಬೇಕು ಅನ್ನಿಸಿ ಹೆದರಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ನಮ್ಮದು ಟ್ರೈನಿನ ಕೊನೆಯ ಸ್ಟೇಷನ್ನು. ಹತ್ತಿದರೆ ಒಂದೇ ದಿಕ್ಕು. ಓಕ್ಲ್ಯಾಂಡಿನಲ್ಲಿ ತುಂಬ ಜನ ಇಳಿದರು, ನಾನೂ ಇಳಿದೆ. ಕಾಲು ಕರೆದುಕೊಂಡು ಹೋದ ಕಡೆ ನಡೆದೆ. ನೀಲಗಿರಿ ಮರಗಳಿದ್ದ ಒಂದು ಪಾರ್ಕು, ಅದರೊಳಗೆ ಹುಲ್ಲಿಗಿಂತ ಮಣ್ಣೇ ಹೆಚ್ಚಿದ್ದ ಮೈದಾನ. ಅಲ್ಲಿ ಹಳದಿ ಅಂಗಿಯ ಒಂದು ತಂಡ ಆಡುತ್ತಿತ್ತು. ಹಳದಿ ಎಂದರೆ ಒಂದೇ ಹಳದಿಯಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಕಡೆ ಕೊಂಡದ್ದು, ಬೇರೆ ಬೇರೆ ಸಲ ಒಗೆದದ್ದು. ನಿಂಬೆಯಿಂದ ಅರಿಸಿನದವರೆಗೆ ಹನ್ನೊಂದು ಬಣ್ಣ.

ಅವರು ಥಾಯ್ಲೆಂಡಿನವರು, ಬಹುಪಾಲು ರೆಸ್ಟೋರೆಂಟುಗಳಲ್ಲಿ ಅಡುಗೆ ಮಾಡುವವರು ಎಂದು ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಹತ್ತಕ್ಕೆ ಮ್ಯಾಚು, ಆಮೇಲೆ ಮರದಡಿ ಚಾಪೆ ಹಾಸಿ ಎಲ್ಲರೂ ಸೇರಿ ಊಟ, ಮೂರು ಗಂಟೆಗೆ ಸಂಜೆಯ ಅಡುಗೆಗೆ ಓಟ. ಇದು ಅವರ ಭಾನುವಾರ. ಎದುರಾಳಿಗಳು ಒಂದೊಂದು ವಾರ ಒಬ್ಬೊಬ್ಬರು: ಮೆಕ್ಸಿಕೋದ ಪೇಂಟು ಹೊಡೆಯುವವರು, ಇಥಿಯೋಪಿಯಾದ ಟ್ಯಾಕ್ಸಿಯವರು. ಎಲ್ಲರೂ ನಮ್ಮವರಿಗಿಂತ ಒಂದು ಗೇಣು ಎತ್ತರ.

ನಮ್ಮವರು ಎಂದುಬಿಟ್ಟೆ, ನೋಡಿ. ಎರಡನೆಯ ಭಾನುವಾರಕ್ಕೇ ಹಾಗೆ ಅನ್ನಿಸಿತ್ತು.

ಹಾಸನದಲ್ಲಿ ಓದುವಾಗ ನಾನೂ ಕಾಲೇಜಿನ ತಂಡದಲ್ಲಿದ್ದೆ. ಆಡಿದ್ದಕ್ಕಿಂತ ಬೆಂಚು ಕಾದದ್ದು ಹೆಚ್ಚು. ಹಾಗಾಗಿ ಹೊರಗೆ ನಿಂತು ಕೂಗುವುದರಲ್ಲಿ ಒಳ್ಳೆ ಅನುಭವವಿತ್ತು. ಇವರ ಆಟ ನೋಡಲು ಚೆಂದ. ಮ್ಯಾಚಿಗೆ ಮೊದಲು ಗುಂಡಾಗಿ ನಿಂತು, ಚೆಂಡನ್ನು ನೆಲಕ್ಕೆ ಬೀಳಿಸದೆ ಕಾಲಿಂದ ಕಾಲಿಗೆ, ಹಿಮ್ಮಡಿಯಿಂದ ಹಣೆಗೆ ದಾಟಿಸುತ್ತಿದ್ದರು. ಮ್ಯಾಚು ಶುರುವಾದ ಮೇಲೆ ಆ ಚೆಂದವೆಲ್ಲ ಗೋಲಿನ ಹತ್ತಿರ ಹೋಗುವ ಹೊತ್ತಿಗೆ ಗಾಳಿಗೆ ಹೋಗುತ್ತಿತ್ತು. ಖಾಲಿ ಗೋಲಿನ ಮುಂದೆ ಮೂವರು ಪರಸ್ಪರ ಪಾಸು ಕೊಟ್ಟುಕೊಳ್ಳುತ್ತ ನಿಲ್ಲುತ್ತಿದ್ದರು. "ಹೊಡಿಯೋ ಮಾರಾಯಾ, ಹೊಡಿ!" ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ಹೊಡೆದವನ ಚೆಂಡು ಮರಕ್ಕೆ ಬಡಿಯುತ್ತಿತ್ತು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋಲುವವರು ಅಷ್ಟು ಸಂತೋಷವಾಗಿರುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಸೋಮವಾರ ಕಾರಿನಲ್ಲಿ ಸಹೋದ್ಯೋಗಿಗೆ ಹೇಳಿದರೆ ಅವನು, "ಥಾಯ್‌ನೋರ ಮ್ಯಾಚಾ? ನಿಂಗೇನ್ ತಲೆ ಕೆಟ್ಟಿದ್ಯಾ ಮಗಾ? ಸಾಟರ್‌ಡೇ ಕ್ರಿಕೆಟ್‌ಗೆ ಬಾ, ನಮ್ಮೋರೆಲ್ಲ ಇರ್ತಾರೆ," ಎಂದ. ಒಮ್ಮೆ ಹೋದೆ. ಬೌಂಡರಿಯಲ್ಲಿ ನಿಂತವರು ಯಾರ ಕಂಪನಿ ಯಾವಾಗ ಷೇರು ಬಿಡುತ್ತದೆ ಎಂದು ಕೂಗಿ ಕೇಳಿಕೊಳ್ಳುತ್ತಿದ್ದರು. ಮತ್ತೆ ಹೋಗಲಿಲ್ಲ.

ಹಳದಿ ತಂಡದ ಗೋಲ್‌ಕೀಪರು ಐವತ್ತರ ಆಸುಪಾಸಿನ ಕುಳ್ಳ ಮನುಷ್ಯ, ಹೊಟ್ಟೆ ಸ್ವಲ್ಪ ಮುಂದೆ. ಆಟಕ್ಕೆ ಮೊದಲು ಕೊರಳಿನ ಸರ ತೆಗೆದು ಹೆಂಡತಿಯ ಕೈಗೆ ಕೊಡುತ್ತಿದ್ದರು. ಸರದಲ್ಲಿ ಬುದ್ಧನ ಪುಟ್ಟ ತಾಯಿತ. ಆ ಹೆಂಡತಿಯೇ ಬೆಳಿಗ್ಗೆ ಎದ್ದು ಅಷ್ಟೂ ಜನಕ್ಕೆ ಅಡುಗೆ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ ಕಟ್ಟಿ, ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದವರು. ಮನಸ್ಸಿನಲ್ಲಿ ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಒಮ್ಮೆ ಅವರ ಎರಡೂ ಕೈ ಬುಟ್ಟಿಯಲ್ಲಿದ್ದಾಗ ಗೋಲ್‌ಕೀಪರು ಅತ್ತಿತ್ತ ನೋಡಿ ತಾಯಿತವನ್ನು ನನ್ನತ್ತ ಚಾಚಿದರು. ನಾನು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಯೋಚಿಸಿ ಮಾಡಿದ್ದಲ್ಲ, ಪ್ರಸಾದಕ್ಕೆ ಹಾಗೆ ಮಾಡಿ ಅಭ್ಯಾಸವಾದ ಕೈ. ಗಂಡ ಹೆಂಡತಿ ಇಬ್ಬರೂ ಅದನ್ನು ನೋಡಿದರು. ಅಂದಿನಿಂದ ತಾಯಿತ ಕಾಯುವ ಕೆಲಸ ನನ್ನದಾಯಿತು. ತೊಂಬತ್ತು ನಿಮಿಷ ಅದನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಕೂಗುವಾಗಲೂ ಆ ಕೈ ಬೀಸುತ್ತಿರಲಿಲ್ಲ.

ಆದರೆ ಊಟದ ಹೊತ್ತಾದರೆ ನಾನು ಮತ್ತೆ ಹೊರಗಿನವನೇ. ತಪ್ಪು ಯಾರದು ಎಂದು ಈಗ ಗೊತ್ತು. ಆಗ ಅವರದೇ ಎಂದುಕೊಂಡಿದ್ದೆ.

ಮ್ಯಾಚು ಮುಗಿದ ಕೂಡಲೇ ಆ ಅಕ್ಕ ನನ್ನ ಹತ್ತಿರ ಬಂದು, ಅವರಿಗೆ ಬರುತ್ತಿದ್ದ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, "ಊಟ ಆಯ್ತಾ?"

"ಆಯ್ತು, ಆಯ್ತು," ಎನ್ನುತ್ತಿದ್ದೆ ನಾನು.

ಆಗಿರುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಹೊರಟವನು. ಚಾಪೆಯ ಕಡೆಯಿಂದ ಹುರಿದ ಬೆಳ್ಳುಳ್ಳಿಯ, ಮೀನಿನ, ಬಿಸಿ ಅನ್ನದ ವಾಸನೆ ಬರುತ್ತಿದ್ದರೆ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಆದರೆ ಚಿಕ್ಕಂದಿನಿಂದ ನಮ್ಮಮ್ಮ ಕಲಿಸಿದ್ದು ಹಾಗೆ. ಬೇರೆಯವರ ಮನೆಯಲ್ಲಿ ಊಟ ಆಯ್ತಾ ಅಂದರೆ ಮೊದಲ ಸಲ ಆಯ್ತು ಅನ್ನಬೇಕು. ಎರಡನೆಯ ಸಲ ಬೇಡ ಅನ್ನಬೇಕು. ಮೂರನೆಯ ಸಲಕ್ಕೆ, ಏನೋ ನಿಮ್ಮ ಬಲವಂತಕ್ಕೆ ಎಂಬ ಹಾಗೆ ಎಲೆಯ ಮುಂದೆ ಕೂರಬೇಕು. ಮೊದಲ ಸಲಕ್ಕೇ ಹೂಂ ಅಂದರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಫ್ರೀಮಾಂಟಿನಿಂದ ಸ್ವಲ್ಪ ದೂರದ ಡ್ಯಾನ್‌ವಿಲ್ಲಿನಲ್ಲಿ ಮಂಡ್ಯ ಕಡೆಯವರ ಒಂದು ಮನೆಯಿತ್ತು, ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಕರೆಯುತ್ತಿದ್ದರು. ಅಲ್ಲಿ ಬೇಡ ಎನ್ನುತ್ತ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಮನೆಯಾಕೆ, "ಸುಮ್ಕಿರಪ್ಪ, ಏನ್ ನಾಚ್ಕೊಂಡೀಯ," ಎಂದು ಕೈಯ ಮೇಲೇ ಪಾಯಸ ಹಾಕಲು ಬರುತ್ತಿದ್ದರು. ಎಷ್ಟು ಹಾಯಾದ ಆಟ ಅದು. ಇಬ್ಬರಿಗೂ ನಿಯಮ ಗೊತ್ತು.

ಥಾಯ್ ಅಕ್ಕನಿಗೆ ಗೊತ್ತಿರಲಿಲ್ಲ. ನಾನು ಆಯ್ತು ಅಂದರೆ ಅವರು ನಕ್ಕು, ತಲೆಯಾಡಿಸಿ, ಚಾಪೆಗೆ ಹಿಂದಿರುಗುತ್ತಿದ್ದರು. ಅಷ್ಟೇ. ನಾನು ಎರಡನೆಯ ಸಲಕ್ಕೆ ಕಾಯುತ್ತ ಶೂ ಲೇಸು ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದೆ. ಬರುತ್ತಿರಲಿಲ್ಲ. ಎಂಥ ಜನ ಇವರು, ಮನುಷ್ಯನನ್ನು ಇನ್ನೊಂದು ಮಾತು ಕೇಳಬಾರದೇ ಎಂದು ಬೈದುಕೊಳ್ಳುತ್ತ ಸ್ಟೇಷನ್ನಿಗೆ ನಡೆದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚಿಪ್ಸು ತಿನ್ನುತ್ತಿದ್ದೆ. ಪ್ರತಿ ಭಾನುವಾರ ಇದೇ. ಆ ಚಾಪೆಯ ಒಂದು ಮೂಲೆಯಲ್ಲಿ ಕೂರಬೇಕು ಎನ್ನುವ ಆಸೆ ಎಷ್ಟಿತ್ತೆಂದರೆ, ಆಫೀಸಿನ ಮೀಟಿಂಗಿನಲ್ಲಿ ಕೂತಾಗಲೂ ಅದರ ನೀಲಿ ಹೂವಿನ ಅಂಚು ಕಣ್ಣ ಮುಂದೆ ಬರುತ್ತಿತ್ತು.

ಸಿಟ್ಟು ಮಾಡಿಕೊಂಡು ಒಂದು ಭಾನುವಾರ ಹೋಗಲೇ ಇಲ್ಲ. ಮುಂದಿನ ವಾರ ಹೋದಾಗ ಆ ಅಕ್ಕ ದೂರದಿಂದಲೇ ಕೈಯೆತ್ತಿ ಬಂದು, "ಹೋದ ವಾರ ಬರಲಿಲ್ಲ. ಹುಷಾರಿರಲಿಲ್ವಾ?" ಎಂದರು. ಜ್ವರ ಎಂದು ಸುಳ್ಳು ಹೇಳಿದೆ. ಅವತ್ತು ವಾಪಸು ಬರುವ ಟ್ರೈನಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಅಷ್ಟು ದೊಡ್ಡ ದೇಶದಲ್ಲಿ ನಾನು ಒಂದು ದಿನ ಇಲ್ಲದೆ ಹೋದದ್ದು ಒಬ್ಬರ ಗಮನಕ್ಕಾದರೂ ಬಂದಿತ್ತು.

ಆಮೇಲೆ ಕಂಪನಿಗಳು ಒಂದೊಂದಾಗಿ ಕುಸಿಯತೊಡಗಿದವು. ನಮ್ಮ ಆಫೀಸಿನಲ್ಲಿ ಒಂದು ಬುಧವಾರ ಬೆಳಿಗ್ಗೆ ಅರ್ಧಕ್ಕರ್ಧ ಜನರ ಕೈಗೆ ರಟ್ಟಿನ ಪೆಟ್ಟಿಗೆ ಕೊಟ್ಟರು. ನನ್ನ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಲು ಒಂದು ಕಾಫಿ ಲೋಟ ಮಾತ್ರ ಇತ್ತು. ಕೆಲಸ ಹೋದರೆ ವೀಸಾನೂ ಹೋಯಿತು. ಸಹೋದ್ಯೋಗಿ ಮನೆಯವರೆಗೂ ಬಿಟ್ಟ. ಅವತ್ತು ಅವನೂ ಷೇರಿನ ಮಾತೆತ್ತಲಿಲ್ಲ. ಹುಡುಕಿದೆ, ಅಲೆದೆ, ಏನೂ ಆಗಲಿಲ್ಲ. ಕೊನೆಗೆ ಒಂದು ಮಂಗಳವಾರದ ವಿಮಾನಕ್ಕೆ ಟಿಕೆಟ್ಟು ತೆಗೆದೆ.

ಅದರ ಹಿಂದಿನ ಭಾನುವಾರ ಓಕ್ಲ್ಯಾಂಡಿಗೆ ಹೊರಟಾಗ ಹೇಳಬೇಕಾದ ಮಾತು ಎರಡಿದ್ದವು. ಊಟ ಆಗಿಲ್ಲ ಎನ್ನುವುದು ಒಂದು. ಊರಿಗೆ ಹೋಗುತ್ತಿದ್ದೇನೆ, ಮತ್ತೆ ಬರುವುದಿಲ್ಲ ಎನ್ನುವುದು ಇನ್ನೊಂದು. ಟ್ರೈನಿನಲ್ಲಿ ಎರಡನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದೆ, ಪರೀಕ್ಷೆಗೆ ಹೋಗುವವನ ಹಾಗೆ.

ಮ್ಯಾಚು ಮೂರು ಗೋಲುಗಳಿಂದ ಸೋತೆವು. ಗೋಲ್‌ಕೀಪರು ಮೂರನೆಯದನ್ನು ಕಾಲುಗಳ ನಡುವೆಯೇ ಬಿಟ್ಟು, ಹಿಂದಿರುಗಿ ನೋಡಿ, ನನ್ನತ್ತ ಕೈಯಾಡಿಸಿ ನಕ್ಕರು. ಅವತ್ತು ನನಗೆ ಸಿಟ್ಟು ಬರಲಿಲ್ಲ.

ಅಕ್ಕ ಬಂದರು. "ಊಟ ಆಯ್ತಾ?"

ನಾಲಿಗೆ ತುದಿಗೆ ಹಳೆಯ ಉತ್ತರವೇ ಬಂದಿತ್ತು. ನುಂಗಿಕೊಂಡೆ. "ಇಲ್ಲ," ಎಂದೆ. "ಆಗಿಲ್ಲ. ಹಸಿವಾಗಿದೆ."

ಅವರು ಬುಟ್ಟಿಯ ಹತ್ತಿರ ಹೋಗಿ, ರಬ್ಬರ್ ಬ್ಯಾಂಡು ಹಾಕಿದ್ದ ಒಂದು ಡಬ್ಬಿ ತಂದು ನನ್ನ ಕೈಲಿಟ್ಟರು. ಇನ್ಯಾರದೋ ಪಾಲು ಕಸಿದುಕೊಂಡೆನೇನೋ ಎಂದು ಗಾಬರಿಯಾಗಿ, "ಇದು ಯಾರದು?" ಎಂದೆ.

"ನಿಮ್ದೇ," ಎಂದರು. "ಪ್ರತಿ ಭಾನುವಾರ ನಿಮ್ಮದೊಂದು ತರ್ತೀನಿ. ಪ್ರತಿ ಭಾನುವಾರ ನೀವು ಊಟ ಆಯ್ತು ಅಂತೀರಿ. ಇವರು ಎರಡು ತಿಂತಾರೆ." ಗಂಡನ ಹೊಟ್ಟೆಯ ಕಡೆ ಬೆರಳು ತೋರಿಸಿದರು. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಗೋಲ್‌ಕೀಪರು ಇವತ್ತು ಒಂದೇನಾ ಎಂದು ಹೊಟ್ಟೆ ಸವರಿಕೊಂಡು ಅಳುವ ಮುಖ ಮಾಡಿದರು.

ನಾನೂ ನಕ್ಕೆ. ಶೂ ಬಿಚ್ಚಿ, ಅವರು ಸರಿದು ಬಿಟ್ಟುಕೊಟ್ಟ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಅನ್ನ, ಕರಿದ ಮೀನು, ಸೌತೆಕಾಯಿ. ಎರಡು ತುತ್ತು ತಿಂದು, ಡಬ್ಬಿಯ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡೆ. ಹೆಚ್ಚುಕಡಿಮೆ ಎರಡು ವರ್ಷ ನಾನು ಪ್ಲಾಟ್‌ಫಾರ್ಮಿನಲ್ಲಿ ಚಿಪ್ಸು ತಿನ್ನುವಾಗ, ನನ್ನ ಡಬ್ಬಿ ಈ ಮರದಡಿ ಇತ್ತು.

ನಾನು ಮುಳ್ಳು ಬಿಡಿಸುತ್ತ ತಡವರಿಸುವುದನ್ನು ಅಕ್ಕ ನೋಡುತ್ತಿದ್ದರು. "ಮೀನು ಇಷ್ಟ ಇಲ್ವಾ? ಮುಂದಿನ ಭಾನುವಾರ ಕೋಳಿ ಮಾಡ್ಲಾ?"

ಹೇಳಬೇಕಾದ ಎರಡನೆಯ ಮಾತಿಗೆ ಅದೇ ಜಾಗ. ಬಾಯಿಪಾಠವಾಗಿತ್ತು ಕೂಡ. ಆದರೆ ಅವರ ಮುಖದಲ್ಲಿ ಅಷ್ಟು ಖುಷಿಯಿತ್ತು. ಕೊನೆಗೂ ಈ ಮನುಷ್ಯ ಉಂಡನಲ್ಲ ಎಂಬ ಖುಷಿ. ಚಾಪೆಯ ಮೇಲೆ ಕೂತು ಇನ್ನೂ ಹತ್ತು ನಿಮಿಷವಾಗಿರಲಿಲ್ಲ, ಅಷ್ಟರಲ್ಲೇ ಎದ್ದು ಹೋಗುವ ಮಾತು ಆಡುವುದು ನನ್ನಿಂದ ಆಗಲಿಲ್ಲ.

"ಕೋಳಿ ಆಗಬಹುದು," ಎಂದೆ.

ಮೂರು ಗಂಟೆಗೆ ಚಾಪೆ ಸುತ್ತಿದರು. ಊಟಕ್ಕೆ ಕೂರುವಾಗ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ತಾಯಿತವನ್ನು ನಾನು ಕಣ್ಣಿಗೊತ್ತಿಕೊಂಡು ಗೋಲ್‌ಕೀಪರಿಗೆ ಕೊಟ್ಟೆ. ಅವರು ತಲೆ ಬಗ್ಗಿಸಿ ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟರು. ಅವರು ಯಾವ ರೆಸ್ಟೋರೆಂಟಿನಲ್ಲಿ ಕೆಲಸ ಮಾಡುತ್ತಾರೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಊಟಕ್ಕೆ ಹೊಂಚು ಹಾಕುತ್ತಿದ್ದಾನೆ ಎಂದುಕೊಂಡಾರು ಎನ್ನುವ ಸಂಕೋಚ. ಹಾಗಾಗಿ ಆಮೇಲೆ ಒಂದು ಕಾಗದ ಬರೆಯಲೂ ವಿಳಾಸವಿರಲಿಲ್ಲ.

ಮುಂದಿನ ಭಾನುವಾರ ಆ ಬುಟ್ಟಿಯಲ್ಲಿ ನನಗೆಂದು ಒಂದು ಡಬ್ಬಿ ಕೋಳಿ ಬಂದಿರುತ್ತದೆ. ಅದರ ಮುಂದಿನ ಭಾನುವಾರವೂ ಬಂದಿರುತ್ತದೆ, ಹುಷಾರಿಲ್ಲವೇನೋ ಎಂದುಕೊಂಡು. ಎಷ್ಟು ವಾರ ಕಟ್ಟಿದರೋ ನನಗೆ ಗೊತ್ತಿಲ್ಲ.