ವರ್ಷಕ್ಕೊಮ್ಮೆ ಕೋಟು ತೊಡುತ್ತಿದ್ದ ಇಳಾ ಆಂಟಿ

ವರ್ಷಕ್ಕೊಂದು ದಿನ, ಅದೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಇಳಾ ಆಂಟಿ ಉಣ್ಣೆಯ ಕೋಟು ತೊಡುತ್ತಿದ್ದರು. ಮಿಕ್ಕ ದಿನಗಳಲ್ಲೆಲ್ಲ ನೂಲಿನ ಸೀರೆ, ಹಣೆಗೆ ಕುಂಕುಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ಗುಡಿಸುವ ಹೆಂಗಸು. ಆ ಬೆಳಿಗ್ಗೆ ಮಾತ್ರ ಕಂದು ಕೋಟು, ಬೂದು ಲಂಗ, ನುಸಿಗುಳಿಗೆಯ ಘಾಟು. ಯಡಿಯೂರು ಕೆರೆಯ ಹತ್ತಿರದ ನಮ್ಮ ಬೀದಿಯ ಮಕ್ಕಳೆಲ್ಲ ಗೇಟಿಗೆ ಜೋತುಬಿದ್ದು ನೋಡುತ್ತಿದ್ದೆವು.

“ಇವತ್ತೊಂದಿನ ಫಾರಿನ್ನೋಳಾಗ್ಬುಟ್ಟು ಬತ್ತೀನಿ ಕಣವ್ವಾ,” ಎಂದು ಪಕ್ಕದ ಮನೆಯ ನನ್ನಮ್ಮನಿಗೆ ಹೇಳಿ ಆಟೋ ಹತ್ತುತ್ತಿದ್ದರು.

ಆ ಕನ್ನಡ ಅವರ ಅತ್ತೆಯದು. ಆಂಟಿಯ ನಿಜವಾದ ಹೆಸರು ಇಲೋನಾ, ಹುಟ್ಟಿದ್ದು ಹಂಗೇರಿಯಲ್ಲಿ. ಯಂತ್ರಗಳ ತರಬೇತಿಗೆಂದು ಅಲ್ಲಿಗೆ ಹೋದ ರಂಗನಾಥ್ ಅಂಕಲ್ ಅವರನ್ನು ಮದುವೆಯಾಗಿ ಕರೆತಂದರು. ಮದ್ದೂರು ಕಡೆಯ ಅತ್ತೆ ಹೆಸರನ್ನು ಇಳಾ ಎಂದು ಮಾಡಿ, ಮುದ್ದೆ ಕಟ್ಟುವುದನ್ನೂ ಬಾಯ್ತುಂಬ ಮಾತಾಡುವುದನ್ನೂ ಕಲಿಸಿ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ.

ಅವರ ಮನೆಯ ಆಲೂಗಡ್ಡೆ ಪಲ್ಯ ಕೆಂಪಗಿರುತ್ತಿತ್ತು, ಖಾರ ಮಾತ್ರ ಹೆಸರಿಗೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಪುಡಿ ಮಾಡುತ್ತಿದ್ದರು. “ನಮ್ಮೂರಿನ ಮೆಣಸಿನ್ಪುಡಿಗೆ ಇದೇ ಹತ್ರದ ನೆಂಟ,” ಎನ್ನುತ್ತಿದ್ದರು. ನಮಗೆ ಅದು ಸಪ್ಪೆ. ಆದರೂ ತಟ್ಟೆ ನೆಕ್ಕಿ ಬರುತ್ತಿದ್ದೆವು.

ಪಾಸ್‌ಪೋರ್ಟು ಹಂಗೇರಿಯದಾದ್ದರಿಂದ ಪ್ರತಿ ವರ್ಷ ಪೊಲೀಸರ ವಿದೇಶಿಯರ ವಿಭಾಗಕ್ಕೆ ಹೋಗಿ, ಇಲ್ಲಿ ವಾಸಿಸುವ ಪರವಾನಗಿಯನ್ನು ಮುಂದುವರಿಸಿಕೊಂಡು ಬರಬೇಕಿತ್ತು. ಒಂದು ಸಲ ಸೀರೆಯಲ್ಲಿ ಹೋದಾಗ ಅಲ್ಲಿನವರು ಫೋಟೋ ನೋಡಿ, ಮುಖ ನೋಡಿ, ಇವರು ಅವರೇ ಎಂದು ನಂಬಲಿಲ್ಲವಂತೆ. ಅಂದಿನಿಂದ ಫೋಟೋದಲ್ಲಿದ್ದ ಕೋಟೇ ಗತಿಯಾಯಿತು. ಇಲ್ಲಿಯ ಪೌರತ್ವವನ್ನೇ ತೆಗೆದುಕೊಳ್ಳಬಾರದೇ ಎಂದು ನಾನು ಕೇಳಿದ್ದೆ.

“ನಮ್ಮವ್ವ ಇನ್ನೂ ಅಲ್ಲೇ ಅವ್ಳೆ ಪುಟ್ಟಿ. ಈ ಪುಸ್ತಕ ಕೊಟ್ಬುಟ್ರೆ ಅವಳನ್ನ ನೋಡಕ್ಕೂ ವೀಸಾ ಕೇಳ್ಬೇಕಾಯ್ತದೆ. ಮಗಳು ತವರಿಗೆ ಹೋಗಕ್ಕೆ ಪರ್ಮಿಶನ್ನಾ?”

ತೊಂಬತ್ತರ ದಶಕದ ಕೊನೆಗೆ ಅಂಕಲ್ ಹೃದಯಾಘಾತದಿಂದ ಹೋದರು. ಆಮೇಲೆ ಸಂಜೆ ಹೊತ್ತು ಆಂಟಿ ಮೆಟ್ಟಿಲ ಮೇಲೆ ಕೂತು ಪಾರಿಜಾತದ ಗಿಡದೊಂದಿಗೆ ಹಂಗೇರಿಯನ್ ಭಾಷೆಯಲ್ಲಿ ಮಾತಾಡತೊಡಗಿದರು. ಬೀದಿಯವರು ತಲೆ ಕೆಟ್ಟಿದೆ ಅಂದುಕೊಂಡರು. “ಆಡದಿದ್ರೆ ಮರ್ತೋಯ್ತದೆ. ಅವ್ರಿದ್ದಾಗ ಅವ್ರ ಜೊತೆ ಆಡ್ತಿದ್ದೆ. ಈಗ ಈ ಊರಲ್ಲಿ ಯಾರವ್ರೆ ಹೇಳು,” ಎಂದರು ಒಮ್ಮೆ. ನಗುತ್ತಲೇ ಹೇಳಿದರು.

ಪರವಾನಗಿಗೆ ಅರ್ಜಿ ಕೊಟ್ಟ ಮೇಲೆ ಠಾಣೆಯಿಂದ ಒಬ್ಬರು ಬಂದು, ಇವರು ಇಲ್ಲೇ ಇದ್ದಾರೆಯೇ ಎಂದು ಅಕ್ಕಪಕ್ಕದವರನ್ನು ಕೇಳಿಕೊಂಡು ಹೋಗುವುದು ಪದ್ಧತಿ. ಅಂಕಲ್ ಇದ್ದಾಗ ಅವರೇ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದರು, ನಮ್ಮವರೆಗೆ ಬರುತ್ತಿರಲಿಲ್ಲ. ಅಂಕಲ್ ಹೋದ ಮರುವರ್ಷ ಮಫ್ತಿಯಲ್ಲಿ ಒಬ್ಬ ಹೊಸ ಕಾನ್‌ಸ್ಟೇಬಲ್ ಬಂದು ನಮ್ಮ ಗೇಟು ಬಡಿದ.

“ಇಲ್ಲಿ ಫಾರಿನ್ ಲೇಡಿ ಒಬ್ರು ಇದ್ದಾರಂತಲ್ಲಮ್ಮ?”

ಆಂಟಿ ನಮ್ಮ ಅಡುಗೆಮನೆಯಲ್ಲೇ ಹಪ್ಪಳ ಒತ್ತುತ್ತಿದ್ದರು. ಪೊಲೀಸರು ಬಾಗಿಲಿಗೆ ಬಂದರೆ ಒಳ್ಳೆಯದಕ್ಕಲ್ಲ ಎಂಬುದು ನಮ್ಮ ಬೀದಿಗೆ ಹುಟ್ಟಿನಿಂದಲೇ ಬಂದ ತಿಳಿವಳಿಕೆ. ಗಂಡ ಸತ್ತವಳನ್ನು ದೇಶದಿಂದ ಓಡಿಸಲು ಬಂದಿದ್ದಾರೆ ಎಂದು ಅಮ್ಮನಿಗೆ ಅನ್ನಿಸಿತು.

“ಅಂಥೋರು ಯಾರೂ ಇಲ್ಲ ಸಾರ್. ಇಲ್ಲಿರೋರೆಲ್ಲ ನಮ್ಮೋರೇ,” ಎಂದು ಕದ ಹಾಕಿದಳು. ಎದುರು ಮನೆಯವರೂ ಅದನ್ನೇ ಕೇಳಿಸಿಕೊಂಡು ಅದನ್ನೇ ಹೇಳಿದರು.

ಒಳಗೆ ಬಂದು ಅಮ್ಮ ಜಂಬದಿಂದ ವಿಷಯ ಹೇಳಿದಾಗ ಆಂಟಿಯ ಕೈ ಹಪ್ಪಳದ ಮೇಲೇ ನಿಂತಿತು. “ಅಯ್ಯೋ ಸರೋಜವ್ವಾ,” ಎಂದಷ್ಟೇ ಅಂದರು. ಬೈಯಲಿಲ್ಲ.

ಮರುವಾರ ಕೋಟು ತೊಟ್ಟ ಆಂಟಿಯ ಜೊತೆ ನಾನೂ ಕಚೇರಿಗೆ ಹೋದೆ. ಆ ವಿಳಾಸದಲ್ಲಿ ಇಂಥವರು ವಾಸವಿಲ್ಲ ಎಂದು ವರದಿ ಬಂದಾಗಿತ್ತು.

“ನಾನೇ ನಿಮ್ಮುಂದೆ ನಿಂತಿವ್ನಲ್ಲ ಸಾರ್!”

“ನೀವಿದ್ದೀರ ಮೇಡಂ, ಇಲ್ಲ ಅನ್ನಲ್ಲ. ಆ ಅಡ್ರೆಸ್ಸಲ್ಲಿ ಇಲ್ವಲ್ಲ. ಇನ್ನೊಂದ್ಸಲ ಎನ್‌ಕ್ವಯರಿ ಆಗ್ಬೇಕು. ಟೈಮ್ ಹಿಡಿಯುತ್ತೆ,” ಎಂದರು ಗುಮಾಸ್ತರು. ಪಾಪ, ಅವರ ದನಿಯೂ ಮೆತ್ತಗೇ ಇತ್ತು.

ಅಲ್ಲಿಯವರೆಗೆ ಆಂಟಿ ದೇಶ ಬಿಟ್ಟರೆ ವಾಪಸು ಬರಲು ಅನುಮತಿ ಸಿಗುವಂತಿರಲಿಲ್ಲ. ಎಷ್ಟೋ ಸಲ ಹೋಗಿ ಕೇಳಿದೆವು. ಆ ಚಳಿಗಾಲದಲ್ಲಿ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡರೆಂದು ಫೋನು ಬಂತು. ಕಾದರೆ ಅವ್ವ ಸಿಗುವುದಿಲ್ಲ, ಹೋದರೆ ಈ ಮನೆ ಸಿಗುವುದಿಲ್ಲ. ಎರಡು ದಿನ ಆಂಟಿ ಗಿಡದ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಟ್ರಂಕು ಕಟ್ಟಿದರು.

ಹೊರಟಾಗ ಸೀರೆಯ ಮೇಲೇ ಕೋಟು ತೊಟ್ಟಿದ್ದರು. ಎರಡನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು. ಬೀಗದ ಕೈಯನ್ನು ಅಮ್ಮನ ಕೈಗಿಟ್ಟು, “ಗಿಡಕ್ಕೆ ನೀರು ಹಾಕು ಸರೋಜವ್ವಾ. ಒಂದೆರಡು ಮಾತೂ ಆಡು, ಕನ್ನಡವೇ ಆದ್ರೂ ಪರ್ವಾಗಿಲ್ಲ,” ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಲ್ಲಿಂದ ಒಮ್ಮೆ ಫೋನು ಮಾಡಿದ್ದರು. ಅವ್ವ ತೀರಿಕೊಂಡಿದ್ದರು. “ಇಲ್ಲೂ ಆಫೀಸಿಗೆ ಹೋಗಿ ಹೆಸರು ಬರೆಸ್ಬೇಕಂತೆ ಪುಟ್ಟಿ. ಇಷ್ಟು ವರ್ಷ ಎಲ್ಲಿದ್ದೆ ಅಂತ ಕೇಳ್ತಾರೆ. ನನ್ನ ಮಾತು ಹಳೇ ಕಾಲದ್ದು ಅಂತ ನಗ್ತಾರೆ.” ಲೈನು ಕಡಿದುಹೋಯಿತು. ಮತ್ತೆ ಫೋನು ಬರಲಿಲ್ಲ.

ಬೇಸಿಗೆಯಲ್ಲಿ ಅದೇ ಕಾನ್‌ಸ್ಟೇಬಲ್ ಬಂದ, ಮರುವಿಚಾರಣೆಗೆ. ಅಮ್ಮ ಓಡಿಹೋಗಿ ಗೇಟು ತೆಗೆದಳು.

“ಇದ್ದಾರೆ ಸಾರ್! ಇಲ್ಲೇ, ಪಕ್ಕದ ಮನೇಲೇ ಇದ್ದಾರೆ. ಬರ್ಕೊಳ್ಳಿ.”

ಆತ ಪಕ್ಕದ ಮನೆ ನೋಡಿದ. “ಬೀಗ ಹಾಕಿದೆಯಲ್ಲಮ್ಮ?”

“ತರಕಾರಿಗೆ ಹೋಗಿದ್ದಾರೆ. ಈಗ ಬಂದ್ಬಿಡ್ತಾರೆ.”

ಅಮ್ಮ ಮಜ್ಜಿಗೆ ತಂದುಕೊಟ್ಟಳು. ಆತ ಪಾರಿಜಾತದ ನೆರಳಿನಲ್ಲಿ ನಿಂತು ಕುಡಿಯುತ್ತ ಕಾದ. ಅಮ್ಮನೂ ಬೀದಿಯ ತುದಿಯನ್ನೇ ನೋಡುತ್ತ ಅವನ ಪಕ್ಕದಲ್ಲಿ ನಿಂತು ಕಾದಳು.