ಬೆಳ್ಳಕ್ಕಿ ಸ್ಟಾಪು

"ಅಮ್ಮಾ, ಆ ತಾತ ಯಾಕೆ ಹಿಂದ್ಹಿಂದಕ್ಕೇ ನಡೀತಾರೆ? ಅವ್ರಿಗೆ ಹಕ್ಕಿ ನೋಡೋದು ಬೇಡ್ವಾ?"

ರಜೆಗೆಂದು ಕಡಲತೀರದ ಉದ್ಯಾನಕ್ಕೆ ಬಂದ ನಾವು, ‘ಮಕ್ಕಳೂ ಹಿರಿಯರೂ ನಡೆಯಬಹುದಾದ ಸುಲಭದ ಹಾದಿ’ ಎಂಬ ಫಲಕ ನಂಬಿ ಹೊರಟಿದ್ದೆವು. ಸುಲಭವೇನೋ ನಿಜ, ಒಂದು ಕೈಗೆ ಮಗಳು, ಇನ್ನೊಂದಕ್ಕೆ ನೀರಿನ ಬಾಟಲಿ, ಹೆಗಲಿಗೆ ಬದಲಿ ಬಟ್ಟೆಯ ಚೀಲ ಇಲ್ಲದವರಿಗೆ. ನನ್ನವರ ಕೈಯಲ್ಲಿ ಕ್ಯಾಮೆರಾ ಇತ್ತು. ಅದು ಭಾರವಂತೆ.

ಮಗಳು ಹೇಳಿದ ತಾತ ನಮ್ಮ ಗೈಡು. ಹಲಗೆ ಹಾಸಿದ ದಾರಿಯಲ್ಲಿ ನಮ್ಮ ಕಡೆ ಮುಖ, ಹೋಗಬೇಕಾದ ಕಡೆ ಬೆನ್ನು ಮಾಡಿಕೊಂಡು, ಒಮ್ಮೆಯೂ ಎಡವದೆ ನಡೆಯುತ್ತಿದ್ದರು. ಆಗಾಗ "ಮುಂದೆ ಬನ್ನಿ, ಮುಂದೆ ಜಾಗ ಇದೆ" ಎನ್ನುತ್ತಿದ್ದರು. ಸುತ್ತ ಇದ್ದದ್ದೆಲ್ಲ ಜಾಗವೇ. ದಾರಿಬದಿಯ ಕಂಬ ಬಂದಾಗಲೆಲ್ಲ ನಿಂತು, ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ, ಇಲ್ಲಿ ನೀರುಕಾಗೆ, ಇಲ್ಲಿ ಮಿಂಚುಳ್ಳಿ ಎಂದು ಸಾರುತ್ತಿದ್ದರು. ಹಕ್ಕಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜನ ಖಾಲಿ ಕೊಂಬೆಗೂ ತಲೆದೂಗಿದರು. ಟಿಕೆಟ್ ತೆಗೆದುಕೊಂಡ ಮೇಲೆ ಏನೂ ಕಾಣಲಿಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಉಪ್ಪುನೀರಿನ ಕೊಳದ ಕಂಬದ ಬಳಿ ಬೆಳ್ಳಕ್ಕಿ ಎಂದರು. ಪೊದೆಯಲ್ಲಿ ಬೆಳ್ಳಗೆ ಏನೋ ಅಲುಗಿತು. ನನ್ನವರು ಮಂಡಿಯೂರಿ ಫೋಟೊ ತೆಗೆದರು. ಟೋಪಿ ಹಾಕಿದ್ದ ಅಜ್ಜಿಯೊಬ್ಬರು ಅದರ ಕತ್ತಿನ ಬಳುಕನ್ನು ಮೆಚ್ಚಿಕೊಂಡರು.

"ಅದು ಕವರು. ಪ್ಲಾಸ್ಟಿಕ್ ಕವರು," ಎಂದಳು ಮಗಳು.

ಎಲ್ಲರೂ ಚಪ್ಪಲಿ ನೋಡಿಕೊಂಡರು. ಗೈಡು ಆಗಲೂ ತಿರುಗಲಿಲ್ಲ. "ಬೆಳ್ಳಕ್ಕಿ ಈಗಷ್ಟೇ ಇಳ್ಕೊಂಡು ಹೋಯ್ತು ಕಂದಾ. ರೈಟ್," ಎಂದು ಮುಂದಕ್ಕೆ, ಅಂದರೆ ಹಿಂದಕ್ಕೆ, ಹೊರಟರು.

ನಡಿಗೆ ಮುಗಿದ ಮೇಲೆ ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ ಗುಟ್ಟು ಬಯಲಾಯಿತು. ಅಂಗಡಿ ನಡೆಸುವವರು ಗೈಡಿನ ಹೆಂಡತಿ. ಗಂಡ ಜೀವಮಾನವಿಡೀ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದರಂತೆ. "ರಿಟೈರ್ ಆದ್ಮೇಲೆ ಅಡುಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ‘ಒಳಗೆ ಹೋಗಿ, ಒಳಗೆ ಹೋಗಿ’ ಅನ್ನೋರು. ಒಳಗಿದ್ದಿದ್ದು ನಾನೊಬ್ಳೇ!" ಉದ್ಯಾನದಲ್ಲಿ ಗುಮಾಸ್ತನಾಗಿರುವ ತಂಗಿಯ ಮಗನಿಗೆ ದುಂಬಾಲು ಬಿದ್ದು ಆಕೆಯೇ ಈ ಕೆಲಸ ಕೊಡಿಸಿದ್ದು. ಇವರು ಹಕ್ಕಿಗಳನ್ನು ಸ್ಟಾಪುಗಳ ಹಾಗೆ ಬಾಯಿಪಾಠ ಮಾಡಿದರು. ಹಕ್ಕಿಗಳೇ ತಮ್ಮ ತಮ್ಮ ಸ್ಟಾಪಿನಲ್ಲಿ ಬಂದು ಕಾದಿರಬೇಕಷ್ಟೇ.

ತಿರುಗಿ ನೋಡಬಾರದೇ ಎಂದೆ. ಒಮ್ಮೆ ತಿರುಗಿದ್ದರಂತೆ. ಮತ್ತೆ ಇತ್ತ ನೋಡುವಷ್ಟರಲ್ಲಿ ಅರ್ಧ ಜನ ನೀರಿಗಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಯಾರೂ ಅವರ ಮಾತನ್ನು ಪೂರ್ತಿ ಕೇಳಿದವರಲ್ಲ, ಇಲ್ಲಿ ಕೇಳುತ್ತಾರೆ. ಆ ಮುಖಗಳನ್ನು ಬಿಟ್ಟು ಹಕ್ಕಿ ನೋಡುವುದು ಅವರಿಂದಾಗದು.

ಆದರೆ ಯಾರೋ ಕಚೇರಿಗೆ ದೂರು ಕೊಟ್ಟಿದ್ದರಂತೆ. ನಾಳೆ ಹೊಸ ಅಧಿಕಾರಿಯೇ ಜೊತೆಗೆ ನಡೆಯುತ್ತಾರೆ. ಇಲ್ಲದ ಹಕ್ಕಿ ತೋರಿಸಿ ಸಿಕ್ಕಿಬಿದ್ದರೆ ಇವರನ್ನು ವಾಹನ ನಿಲ್ಲಿಸುವ ಜಾಗಕ್ಕೆ ಹಾಕುತ್ತಾರೆ. ಕಾರುಗಳನ್ನು ಹಿಂದಕ್ಕೆ ಕರೆಯುವ ಕೆಲಸ ಅವರಿಗೆ ಒಗ್ಗೀತು ಎಂದು ನನ್ನವರು ನಕ್ಕರು. ಗ್ಲಾಸು ಒರೆಸುತ್ತಿದ್ದ ಆಕೆ ನಗಲಿಲ್ಲ. ನಾನು ನನ್ನವರ ಕಾಲು ತುಳಿದೆ. ಇಷ್ಟಾಗಿ, ಕವರಿನ ಫೋಟೊ ಆಗಲೇ ಕ್ಯಾಮೆರಾದಿಂದ ಫೋನಿಗಿಳಿದು ಮನೆಯವರಿಗೆಲ್ಲ ಹೋಗಿಯಾಗಿತ್ತು. ಎಂಥ ಚೆಂದದ ಹಕ್ಕಿ ಎಂದು ನಮ್ಮತ್ತೆ ಬರೆದೂ ಆಗಿತ್ತು.

ಅಷ್ಟರಲ್ಲಿ ಗೈಡು ಬಂದರು. ಹೆಂಡತಿಗೆ ಬೆನ್ನು ಮಾಡಿ ನಿಂತು ದನಿ ತಗ್ಗಿಸಿದರು.

"ನಾಳೆ ಬೆಳಿಗ್ಗೆನೂ ಬರ್ತೀರೇನಮ್ಮಾ? ಪಾಪುನ ಎಲ್ಲರಿಗಿಂತ ಮುಂದೆ ನಿಲ್ಸಿ. ಹಕ್ಕಿ ಇದ್ರೆ ‘ರೈಟ್’ ಅನ್ಲಿ, ಇಲ್ದಿದ್ರೆ ‘ಹೋಲ್ಡಾನ್’. ಕವರು ಅಂತ ಮಾತ್ರ ಅನ್ನೋದು ಬೇಡ."