ಮಾವನವರ ಹಾಡಿನೊಳಗೆ ಸಿಕ್ಕಿಬಿದ್ದ ದನಿ

೧೯೮೬ನೇ ಇಸವಿಯ ಬೇಸಿಗೆ. ಆಗ ನಾವು ಅಜ್ಜಂಪುರದಲ್ಲಿದ್ದೆವು. ನಮ್ಮ ಮಾವನವರು ಊರಿನ ಭಜನೆ ಮಂಡಳಿಯ ಹಿರಿಯರು. ತಾವೇ ಪದ ಕಟ್ಟಿ ಹಾಡುತ್ತಿದ್ದರು. ಎಪ್ಪತ್ತು ದಾಟಿದ್ದರೂ ಕಂಚಿನ ಕಂಠ. ಆದರೆ ವಸಡು ಬಾತು ಹಲ್ಲುಗಳೆಲ್ಲ ಹಾಳಾಗಿದ್ದವು. ಎಲ್ಲವನ್ನೂ ಕೀಳಿಸಲೇಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಹಲ್ಲು ಹೋದ್ಮೇಲೆ ಪದ ನೆಟ್ಟಗೆ ಹೊರಡಲ್ಲ. ಮೊದ್ಲು ಟೇಪ್ ಮಾಡ್ಕಂಬಿಡಿ" ಎಂದು ಮಾವನವರು ಮಂಡಳಿಯವರಿಗೆ ಹೇಳಿದರು.

ತರೀಕೆರೆಯಲ್ಲಿ ಬಷೀರ್ ಸಾಬರು ಅಂತ ರೇಡಿಯೋ ರಿಪೇರಿಯವರಿದ್ದರು. ಮದ್ರಾಸಿನ ಯಾವುದೋ ಸ್ಟುಡಿಯೋದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಮಿಷಿನ್‌ಗಳನ್ನು ಇಟ್ಟುಕೊಂಡಿದ್ದರು. ಅವರೇ ನಮ್ಮ ಮನೆಗೆ ಬಂದು, ನಡುಮನೆಯಲ್ಲಿ ಮೂರು ಮೈಕ್ ನಿಲ್ಲಿಸಿ, ಒಂದೇ ಮಧ್ಯಾಹ್ನ ಎಂಟು ಪದ ರೆಕಾರ್ಡ್ ಮಾಡಿಕೊಂಡರು. ಮಾವನವರ ದನಿ, ಹಾರ್ಮೋನಿಯಂ, ತಬಲ ಮೂರಕ್ಕೂ ಬೇರೆ ಬೇರೆ ಟ್ರ್ಯಾಕು. ನಾನು ಮಾವನವರ ಬೆನ್ನ ಹಿಂದೆ, ಅಡಿಗೆಮನೆ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ.

ಮಾರನೇ ವಾರ ಹಲ್ಲು ಕೀಳಿಸಿದ್ದಾಯಿತು. ಬಾಯಿ ಊದಿಕೊಂಡು, ಅವರ ಮಾತು ಯಾರಿಗೂ ತಿಳಿಯದಂತಾಯಿತು. ಎರಡು ಹೊತ್ತೂ ಗಂಜಿ ಕುಡಿಸುತ್ತಿದ್ದ ನನಗೊಬ್ಬಳಿಗೆ ಅರ್ಥವಾಗುತ್ತಿತ್ತು. ಅಷ್ಟರಲ್ಲಿ ಸಾಬರು ಮೂರು ಟ್ರ್ಯಾಕನ್ನೂ ಕೂಡಿಸಿ ಕ್ಯಾಸೆಟ್ ಮಾಡುವ ದಿನ ಗೊತ್ತುಮಾಡಿ ಹೇಳಿಕಳಿಸಿದರು. ನಮ್ಮೆಜಮಾನರಿಗೆ ಸ್ಕೂಲಲ್ಲಿ ಪರೀಕ್ಷೆ ಕೆಲಸ. "ನೀನೇ ಬಾರವ್ವ. ನನ್ ಮಾತು ಸಾಬ್ರಿಗೆ ಯಾರು ಹೇಳ್ತಾರೆ?" ಅಂದರು ಮಾವ. ಇಬ್ಬರೂ ಬಸ್ಸಿನಲ್ಲಿ ತರೀಕೆರೆಗೆ ಹೋದೆವು.

ಆ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು. ಸೆಕೆ ತಡೆಯಲಾಗುತ್ತಿರಲಿಲ್ಲ. ಏಳು ಪದ ಮುಗಿದು ಕೊನೆಯದಕ್ಕೆ ಬಂದರು. ಅದರಲ್ಲಿ ಮಾವನವರು ಒಂದು ಸಾಲನ್ನು ಎತ್ತಿ ಹಾಡಿದರೆ ಮುಂದಿನದನ್ನು ಗುನುಗಿದ ಹಾಗೆ ಹಾಡುತ್ತಾರೆ. ಆ ಮೆಲುದನಿ ಹಾರ್ಮೋನಿಯಂ ಕೆಳಗೆ ಮುಚ್ಚಿಹೋಗುತ್ತಿತ್ತು.

"ಇದಕ್ಕೆ ಕಂಪ್ರೆಸರ್ ಹಾಕ್ಬೇಕು ಅಕ್ಕಾ" ಎಂದರು ಸಾಬರು. "ಜೋರಾಗಿರೋದನ್ನ ಹಿಂಡಿ ತಗ್ಗಿಸ್ತದೆ. ಆಮೇಲೆ ಪೂರ್ತಿ ದನಿ ಎತ್ತಿದ್ರೆ ಸಣ್ಣದೆಲ್ಲ ಮೇಲೆ ಬರ್ತದೆ."

ಗುಂಡಿ ತಿರುಗಿಸಿದರು. ನಿಜಕ್ಕೂ ಮಾವನವರ ಉಸಿರು ಸಹ ಹತ್ತಿರ ಬಂತು. ಅದರ ಹಿಂದೆಯೇ, ಎರಡು ಸಾಲಿನ ನಡುವೆ, ಒಂದು ಹೆಣ್ಣು ದನಿ.

ಅದು ನನ್ನದೇ ದನಿ. ತವರೂರು ಚೌಳಹಿರಿಯೂರಿನಲ್ಲಿ ಯಾರ ಮನೆ ಮದುವೆಯಾದರೂ ನಾನು ಹಾಡುತ್ತಿದ್ದೆ. ಮದುವೆಯಾಗಿ ಏಳು ವರ್ಷದಲ್ಲಿ ಹಾಡಬೇಡ ಅಂತ ಯಾರೂ ಅಂದಿರಲಿಲ್ಲ, ಹಾಡು ಅಂತಲೂ ಅಂದಿರಲಿಲ್ಲ. ಬಾಯಿ ತಾನಾಗಿಯೇ ಮುಚ್ಚಿಕೊಂಡಿತ್ತು. ಆ ಮಧ್ಯಾಹ್ನ ಬಾಗಿಲಲ್ಲಿ ಕೂತು ನಾನೂ ಗುನುಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

"ಯಾರ್ದಿದು? ಹಾಡೋವಾಗ ಹಿಂದೆ ಯಾರಾದ್ರೂ ಇದ್ರಾ?" ಸಾಬರು ಕೇಳಿದರು.

ನಾನು ತಲೆ ಎತ್ತಲಿಲ್ಲ. ಮಾವನವರು ನನ್ನ ಕಡೆ ತಿರುಗಿ ಏನೋ ಅಂದರು. ಸಾಬರಿಗೆ ಅದು ಬರೀ ತೊದಲು. ನನಗೆ ಸ್ಪಷ್ಟವಾಗಿ ಕೇಳಿಸಿತು: "ಇರ್ಲಿ, ಹಂಗೇ ಬಿಡು ಅನ್ನವ್ವ."

ನಾನು ಹೇಳಿದೆ: "ತೆಗೆದ್ಬಿಡಿ ಅಂತಾರೆ."

ಆ ಸುಳ್ಳು ಹೇಗೆ ಬಾಯಿಗೆ ಬಂತೋ. ಕ್ಯಾಸೆಟ್ಟನ್ನು ಭಜನೆ ನಡೆಯುವ ಮಠದಲ್ಲಿ ಹಾಕುತ್ತಾರೆ, ಮಂಡಳಿಯವರೆಲ್ಲ ಯಾರ ದನಿ ಅಂತ ಕೇಳುತ್ತಾರೆ. ನೆನೆದೇ ಮುಖ ಬಿಸಿಯಾಗಿತ್ತು.

"ಪೂರ್ತಿ ಹೋಗಲ್ಲ ಅಕ್ಕಾ, ಅದೇ ಟ್ರ್ಯಾಕಲ್ಲಿ ಬೆರ್ತಿದೆ. ಈಕ್ವಲೈಸರ್‌ನಲ್ಲಿ ಆ ಹೆಣ್ಣು ದನಿ ಇರೋ ಸ್ವರದ ಮಟ್ಟ ಮಾತ್ರ ತಗ್ಗಿಸಿ ನೋಡ್ತೀನಿ" ಎಂದು ಸಾಬರು ಸಾಲಾಗಿದ್ದ ಕಡ್ಡಿಗಳಲ್ಲಿ ಒಂದನ್ನು ಕೆಳಗೆ ಎಳೆದರು. ನನ್ನ ದನಿ ಸಣ್ಣಗಾಯಿತು. ಮಾವನವರದೂ ಸಣ್ಣಗಾಯಿತು. ಎರಡನೆಯದನ್ನು ಎಳೆದಾಗ, ಖಾಲಿ ಡಬ್ಬದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳತೊಡಗಿತು.

ಸಾಬರು ಕೈ ತಡೆದರು. "ಯಜಮಾನ್ರೇ, ನಿಮ್ಮ ದನಿಯ ಕಂಚೂ ಅಲ್ಲೇ ಇದೆ. ಇನ್ನೂ ತೆಗೀಲಾ?"

ಕೇಳಿದ್ದು ಮಾವನವರನ್ನು, ನೋಡಿದ್ದು ನನ್ನನ್ನು. ಇನ್ನು ಮುಂದೆ ಅವರು ಹೀಗೆ ಹಾಡಲಾರರು, ಇರುವುದು ಈ ಎಂಟೇ ಪದ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಸೆರಗಿನ ತುದಿಯನ್ನು ಹಿಂಡುತ್ತಾ ಕೂತೆ. ಸಾಬರು ನನ್ನ ಮೌನವನ್ನೇ ಒಪ್ಪಿಗೆ ಎಂದುಕೊಂಡು ಮೂರನೆಯ ಕಡ್ಡಿಗೆ ಕೈ ಹಾಕಿ ಎಳೆದರು.

ಮಾವನವರು ಎದ್ದುಬಂದು ಅವರ ಕೈ ಮೇಲೆ ಕೈ ಇಟ್ಟರು. ಏನೋ ಹೇಳಲು ಹೋದರು. ತುಟಿ ಒಳಗೆ ಮಡಚಿಕೊಂಡಿತು. ಮತ್ತೆ ಹೇಳಿದರು. ಬಾಯಂಚಿನಲ್ಲಿ ರಕ್ತ ಬೆರೆತ ಜೊಲ್ಲು ಇಳಿಯಿತು. ಮೂರನೇ ಸಲವೂ ಹೇಳಿದರು. ಸಾಬರಿಗೆ ತಿಳಿಯಲಿಲ್ಲ.

"ಏನಂತಾರೆ ಅಕ್ಕಾ?"

"ಇರ್ಲಿ ಅಂತಾರೆ" ಅಂದೆ. "ಮೊದ್ಲೂ ಅದನ್ನೇ ಅಂದಿದ್ರು. ನಾನೇ ಸುಳ್ಳು ಹೇಳ್ದೆ. ಆ ದನಿ ನಂದು."

ಸಾಬರು ಕಡ್ಡಿಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತಂದರು. ಆಮೇಲೆ ಕಂಪ್ರೆಸರಿನ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, "ಸ್ವಲ್ಪ ಕಮ್ಮಿ ಹಿಂಡ್ತೀನಿ. ಇಬ್ರೂ ಇರ್ತೀರ" ಎಂದು ಪದವನ್ನು ಮೊದಲಿಂದ ಹಾಕಿದರು.

ಬಸ್ಸಿನಲ್ಲಿ ಮಾವನವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಈಗ ಬೈಯುತ್ತಾರೆ, ಇನ್ನೊಂದು ಸ್ಟಾಪ್ ಕಳೆದ ಮೇಲೆ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಊರು ಇನ್ನೇನು ಬಂತು ಅನ್ನುವಾಗ ಮೆಲ್ಲಗೆ ಹೇಳಿದರು: "ಅವತ್ತು ಹಾಡ್ತಾ ಇರ್ಬೇಕಾದ್ರೇನೇ ಕೇಳುಸ್ತು ಕಣವ್ವ. ತಿರುಗಿ ನೋಡಿದ್ರೆ ಎಲ್ಲಿ ನಿಲ್ಸಿಬಿಡ್ತೀಯೋ ಅಂತ ನೋಡ್ಲಿಲ್ಲ."



ಆ ವರ್ಷದ ಕೊನೆಗೆ ಅವರಿಗೆ ಹಲ್ಲಿನ ಸೆಟ್ ಬಂತು. ಮಾತು ಸರಿಹೋಯಿತು, ಹಾಡು ಬರಲಿಲ್ಲ. ನಾಲ್ಕು ವರ್ಷದ ನಂತರ ತೀರಿಕೊಂಡರು. ಈಗಲೂ ನೆಂಟರು ಬಂದಾಗ ಮಕ್ಕಳು ಆ ಪದ ಹಾಕುತ್ತಾರೆ. ಹಿಂದೆ ದನಿ ಕೂಡಿಸಿದವರು ಯಾರು ಎಂದು ಕೇಳಿದರೆ ನಾನೇ ಎಂದು ಹೇಳುತ್ತೇನೆ, ಅದಕ್ಕೆ ನಾಚಿಕೆಯಿಲ್ಲ. ಆದರೆ ಪೂರ್ತಿ ಕೇಳುತ್ತಾ ಕೂರಲು ನನ್ನಿಂದಾಗುವುದಿಲ್ಲ. ಅವರು ತಮ್ಮ ಮಾತನ್ನು ನನ್ನನ್ನು ನಂಬಿ ಕೊಟ್ಟಿದ್ದರು. ಮೂರನೆಯ ಕಡ್ಡಿ ಇಳಿಯುವವರೆಗೂ ನಾನು ನಿಜ ಬಾಯಿಬಿಟ್ಟಿರಲಿಲ್ಲ.